ಹಿಂದಿನ ಗೇಟಿನ ಕ್ಯಾಮರಾ

ಬಾಂದ್ರಾದ ಆ ಆಫೀಸ್ ಬಿಲ್ಡಿಂಗಿಗೆ ವಾಚ್‌ಮನ್ ಆಗಿ ಸೇರಿದಾಗ ನನ್ನ ಕೈಯಲ್ಲಿ ಒಂದು ಲಾಠಿ, ಕೊರಳಲ್ಲಿ ಒಂದು ಸೀಟಿ, ಅಷ್ಟೇ. ಎಪ್ಪತ್ತಾರನೇ ಇಸವಿಯಲ್ಲಿ ಮಾಲೀಕರು ಪರದೇಶದಿಂದ ನಾಲ್ಕು ಕ್ಯಾಮರಾ ತರಿಸಿದರು. ಎರಡು ಗೇಟಿಗೆರಡು, ಲಿಫ್ಟಿನ ಹತ್ತಿರ ಒಂದು, ತಿಜೋರಿ ಕೋಣೆಯ ಮುಂದೊಂದು. ನಾಲ್ಕಕ್ಕೂ ಸೇರಿ ಟೀವಿ ಒಂದೇ. ಗುಂಡಿ ತಿರುಗಿಸಿದ ಹಾಗೆ ಒಂದಾದ ಮೇಲೊಂದು ಜಾಗ ಕಾಣುತ್ತಿತ್ತು. ಸ್ವಲ್ಪ ಓದು ಬಲ್ಲವನೆಂದು ನನ್ನನ್ನೇ ಅದರ ಮುಂದೆ ಕೂರಿಸಿದರು.

ಘಾಟ್ಕೋಪರಿನ ನಮ್ಮ ಚಾಳಿನ ಮಂದಿಗೆ ಇದೊಂದು ತಮಾಷೆಯಾಯಿತು. ಪಕ್ಕದ ಖೋಲಿಯ ದಾನವ್ವ ನಳದ ಮುಂದೆ ನಿಂತು ಸಾರುತ್ತಿದ್ದಳು: “ಅಮೀರಸಾಬಂದು ನೌಕರಿ ನೋಡ್ರಿ, ಕುಂತು ಟೀವಿ ನೋಡಾಕ ಪಗಾರ ಕೊಡ್ತಾರ. ಅದರಾಗ ಹಾಡು ಬರ್ತಾವೇನೋ?”

“ದನೀನ ಇಲ್ಲ ಬೇ ಅದಕ್ಕ. ಬರೇ ಗೇಟು, ಗ್ವಾಡಿ.”

“ಅಯ್ಯ, ಗ್ವಾಡಿ ನೋಡಾಕ ಬಾಂದ್ರಾತನಕ ಯಾಕ ಹೋಗ್ತಿ? ನಮ್ಮನಿದು ನೋಡು, ಮ್ಯಾಲೆ ಚಾನೂ ಕೊಡ್ತೀನಿ.”

ನಗುವವರು ನಗಲಿ. ಡ್ಯೂಟಿ ಮುಗಿಯುವ ತನಕ ಆ ಕೋಣೆ ಬಿಟ್ಟು ಏಳುವಂತಿರಲಿಲ್ಲ, ಮೇಲೆ ಓವರ್‌ಟೈಮ್ ಬೇರೆ. ಮಗಳು ದೌಲತಬಿ ಏಳುವ ಮೊದಲೇ ಲೋಕಲ್ ಹಿಡಿಯುತ್ತಿದ್ದೆ, ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದೆ. ಅವಳ ಮುಷ್ಟಿಯೊಳಗೆ ನನ್ನ ಬೆರಳು ತೂರಿಸಿದರೆ ನಿದ್ದೆಯಲ್ಲೇ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಯಾರ ಬೆರಳು ಅಂತ ಕೂಸಿಗೇನು ಗೊತ್ತು.

ನನ್ನ ಹೆಂಡತಿ ನಜಮುನ್ನೀಸಾ ಬಿಲ್ಡಿಂಗಿನ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಅಕ್ಕಿಬೇಳೆ ಹಸನು ಮಾಡುತ್ತಿದ್ದಳು. ಕೂಸನ್ನೂ ಕರೆದುಕೊಂಡೇ ಬರುತ್ತಿದ್ದಳು. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಹೊರಟವಳು ನಮ್ಮ ಹಿಂದಿನ ಗೇಟಿನ ಎದುರು ನಿಂತು, ಕೂಸನ್ನು ಎತ್ತಿ ಕಂಬದ ಮೇಲಿನ ಕ್ಯಾಮರಾಕ್ಕೆ ತೋರಿಸಿದಳು. ಟೀವಿಯ ಬೂದಿ ಬಣ್ಣದ ಗಾಜಿನಲ್ಲಿ ನನ್ನ ಮಗಳು ಎಚ್ಚರವಾಗಿದ್ದಳು, ಬಾಯಿ ತೆರೆದು ನಗುತ್ತಿದ್ದಳು. ಕೆಳಗೆರಡು ಹಲ್ಲು ಬಂದಿದ್ದವು. ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಹೋದರೆ ನಜಮಾ ಮುಖ ಊದಿಸಿಕೊಂಡಿದ್ದಳು. “ನೋಡಿದ್ರೋ ಇಲ್ಲೋ ಹೆಂಗ ಗೊತ್ತಾಗಬೇಕು? ಕಂಬಕ್ಕ ಮಗಳನ್ನ ತೋರಿಸಿದಂಗಾತು. ಗಲ್ಲಿ ಮಂದಿ ನಕ್ಕರು.”

ಹಿಂದಿನ ಗೇಟಿನ ಕ್ಯಾಮರಾಕ್ಕೆ ಮಾತ್ರ ಮೋಟಾರು ಇತ್ತು. ನನ್ನ ಮೇಜಿನ ಮೇಲಿನ ಹಿಡಿಕೆ ಒತ್ತಿದರೆ ಅತ್ತಿತ್ತ ಹೊರಳುತ್ತಿತ್ತು. ಮರುದಿನ ಅವರು ಬಂದು ನಿಂತಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿದೆ. ನಜಮಾ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು, ಕೂಸಿನ ಕಿವಿಯಲ್ಲಿ ಏನೋ ಹೇಳಿದಳು. ಕೂಸು ಕೈ ಬೀಸಿತು.

ಅಲ್ಲಿಂದ ಅದೇ ರೂಢಿ. ಆದರೆ ಕ್ಯಾಮರಾದ ತಲೆಯಾಡಿಸಿದಾಗೆಲ್ಲ ಇಬ್ಬರೂ ಗಾಜಿನ ಅಂಚಿನಾಚೆ ಜಾರಿ ಹೋಗುತ್ತಿದ್ದರು. ‘ನೋಡುತ್ತಿದ್ದೇನೆ’ ಅಂತ ಹೇಳಬೇಕಾದರೆ ಅಷ್ಟು ಹೊತ್ತು ನೋಡುವುದನ್ನೇ ಬಿಡಬೇಕಿತ್ತು.

ದೌಲತಬಿ ಮೊದಲ ಹೆಜ್ಜೆ ಇಟ್ಟದ್ದೂ ಆ ಗೇಟಿನ ಮುಂದೆಯೇ. ಎದ್ದಳು, ತೂಗಾಡಿದಳು, ಕ್ಯಾಮರಾದ ಕಡೆಗೇ ನಡೆದಳು. ನಾನು ಗಾಜಿಗೆ ಅಂಗೈ ಒತ್ತಿದೆ, ಬೆಚ್ಚಗಿತ್ತು. ಕಂಡದ್ದನ್ನು ಟೇಪಿನಲ್ಲಿ ಹಿಡಿದಿಡುವ ಮಷೀನು ನಮ್ಮಲ್ಲಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಆಗಿನದು ಕಂಡದ್ದನ್ನು ಅಲ್ಲೇ ಕಳೆದುಬಿಡುತ್ತಿತ್ತು.

ಈದ್‌ಗೆ ಎರಡು ದಿನ ರಜೆ ಸಿಕ್ಕಿತು. ಹೊಸ ಲಂಗ ಹಿಡಿದು ಮಗಳನ್ನು ಕರೆದರೆ ಅವಳು ತಾಯಿಯ ಕಾಲಿನ ಹಿಂದೆ ಅಡಗಿದಳು.

“ದೌಲೂ, ಅಬ್ಬಾ ನೋಡವ್ವಾ,” ಅಂದಳು ನಜಮಾ. “ಅಬ್ಬಾ ಎಲ್ಲದಾರ, ತೋರ್ಸು?”

ಕೂಸು ತಲೆಯೆತ್ತಿ ತೊಲೆಯ ಮೂಲೆಯ ಕಡೆ ಬೆರಳು ಮಾಡಿತು. ಅಲ್ಲಿ ಏನೂ ಇರಲಿಲ್ಲ.

ನಾವಿಬ್ಬರೂ ನಕ್ಕೆವು. ಆಮೇಲೆ ನಜಮಾ ನನ್ನ ಕೈಯಿಂದ ಲಂಗ ತೆಗೆದುಕೊಂಡು ಮಡಚಿಟ್ಟಳು.

ರಜೆಯಲ್ಲಿ ನನ್ನ ಬದಲಿಗೆ ಕೂರುವವನು ಗೆಳೆಯ ಕಾಂತಪ್ಪ, ಉಡುಪಿ ಕಡೆಯವನು. ಮರುದಿನ ಮಗಳನ್ನು ಹೋಟೆಲಿನಲ್ಲಿ ನಜಮಾ ಹತ್ತಿರ ಬಿಟ್ಟು, ಒಳಗೆ ಹೋಗಿ ಅವನಿಗೆ ಹೇಳಿಬಂದೆ: “ನಾ ಮಗಳನ್ನ ಎತ್ತಿಕೊಂಡು ಹಿಂದಿನ ಗೇಟಿಗೆ ಬರ್ತೀನಿ. ಏನ ಆದ್ರೂ ಕ್ಯಾಮರಾ ತಿರುಗಿಸಬ್ಯಾಡ.”

“ಎಂತಕ್ಕೆ ಮಾರಾಯ? ಮಗು ಅಳ್ತದೆ.”

“ಅಳಲಿ. ಅಪ್ಪ ಡಬ್ಬಿಯೊಳಗಿಲ್ಲ, ಇಲ್ಲಿದಾನ ಅಂತ ತಿಳೀಲಿ.”

“ನೋಡು ಮತ್ತೆ. ಆಮೇಲೆ ನನ್ನನ್ನು ಬೈಯುವುದಲ್ಲ.”

ಗೇಟಿನ ಮುಂದೆ ನಿಂತೆವು. ನನ್ನ ತೋಳಿನಲ್ಲಿ ಬಿಗಿದುಕೊಂಡು ಕೂತಿದ್ದ ಕೂಸು ಕ್ಯಾಮರಾ ಕಂಡದ್ದೇ ಅರಳಿತು. “ಅಬ್ಬಾ!” ಅಂತ ಕೈ ಬೀಸಿತು. ಆ ಮಾತನ್ನು ನಾನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಅಷ್ಟು ದಿನ ಗಾಜಿನಲ್ಲಿ ತುಟಿ ಅಲುಗುವುದು ಮಾತ್ರ ಕಂಡಿತ್ತು.

ಕ್ಯಾಮರಾ ಅಲುಗಲಿಲ್ಲ. “ಇಲ್ಲಿ ನೋಡವ್ವಾ, ನಾನು,” ಅಂದೆ. ಅವಳು ನೋಡಲಿಲ್ಲ. ಮತ್ತೆ ಕೈ ಬೀಸಿದಳು, ಮತ್ತೆ ಕರೆದಳು. ಬೀಸುತ್ತಿದ್ದ ಕೈ ನಿಧಾನವಾಯಿತು. ಕೆಳತುಟಿ ನಡುಗಿತು. ತನ್ನ ಅಪ್ಪ ತನ್ನ ಕಡೆ ನೋಡುವುದನ್ನು ಬಿಟ್ಟುಬಿಟ್ಟನಲ್ಲ ಅನ್ನುವ ಹಾಗೆ ದನಿ ತೆಗೆಯದೆ ಅಳತೊಡಗಿದಳು.

ನನ್ನಿಂದ ಆಗಲಿಲ್ಲ. ನಾನೇ ಕೈಯೆತ್ತಿ, ತಿರುಗಿಸೋ ಕಾಂತಪ್ಪಾ ಅಂತ ಸನ್ನೆ ಮಾಡಿದೆ.

ಅದು ಗರ್ ಅಂತ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಆ ಸದ್ದನ್ನೂ ನಾನು ಕೇಳಿದ್ದು ಆವತ್ತೇ. ದೌಲತಬಿ ಕೆನ್ನೆ ಒದ್ದೆ ಇರುವಾಗಲೇ ಕೇಕೆ ಹಾಕಿ ನಕ್ಕಳು. ಒಂದು ಕೈ ಆ ಅಬ್ಬಾನಿಗೆ ಬೀಸುತ್ತಿತ್ತು. ಇನ್ನೊಂದು ಕೈ, ಬೀಳದ ಹಾಗೆ, ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿತ್ತು.