ಮೂರು ಖೋಲಿಯ ಮಷೀನು

ಶಿವರಾತ್ರಿ ಮುಗಿದ ವಾರ. ಅಣ್ಣಿಗೇರಿ ಸುತ್ತಲಿನ ಎರೆಹೊಲಗಳಲ್ಲಿ ಕಡಲೆ ಕಿತ್ತು ಮುಗಿದು ನೆಲ ಬೋಳಾಗಿತ್ತು. ಹೊತ್ತು ಮಾರುದ್ದ ಏರಿದ್ದಾಗ ರೋಹಿಣಿ ಸ್ಕೂಟಿಯನ್ನು ಬದುವಿಗೆ ನಿಲ್ಲಿಸಿ, ಹೆಂಟೆ ತುಳಿಯುತ್ತ ಅಮೋಘಸಿದ್ದಪ್ಪನ ಕುರಿಹಟ್ಟಿಗೆ ಬಂದಳು. ಎಲ್ಲ ಶುರುವಾದದ್ದು ಆವಾಗ.

ಹೊಲ ಅವಳ ಕಾಕಾ ಶಂಭುಲಿಂಗಪ್ಪನದು. ರೈತರ ಸಂಘಕ್ಕೂ ಅವನೇ ಅಧ್ಯಕ್ಷ. ಕುರಿ ನಿಂತ ಹೊಲಕ್ಕೆ ಬೇರೆ ಗೊಬ್ಬರ ಬೇಡವೆಂದು ಅವನಪ್ಪನ ಕಾಲದಿಂದಲೂ ಬೇಸಿಗೆಗೆ ಇಲ್ಲಿ ಹಟ್ಟಿ ಬೀಳುತ್ತಿತ್ತು. ಈ ವರ್ಷ ಅಮೋಘಸಿದ್ದಪ್ಪನಿಗೆ ಆ ನೆಲೆ ಎಂದಿಗಿಂತ ಹೆಚ್ಚು ಬೇಕಾಗಿತ್ತು. ಅರ್ಧ ಹಿಂಡು ಗಬ್ಬ. ಮರಿ ಇಳಿದು ಕಾಲು ಗಟ್ಟಿಯಾಗುವ ತನಕ ಹಿಂಡನ್ನು ಕದಲಿಸಿದರೆ ಎಷ್ಟೋ ಮರಿ ದಾರಿಯಲ್ಲೇ ಹೋಗುತ್ತವೆ.

"ಅಜ್ಜಾ, ಸಂಘಕ್ಕ ಒಂದು ಚಾಟ್‌ಬಾಟ್ ಮಾಡೇನ್ರಿ. ಫೋನಿನ್ಯಾಗ ಮಾತಾಡಿ ಕೇಳ್ರಿ, ಅದೂ ಮಾತಾಡಿ ಹೇಳ್ತೈತಿ. ಹೊಲದವರಿಗೆ, ಕುರಿಯವರಿಗೆ, ರೊಟ್ಟಿ ಮಾರೋ ಹೆಣ್ಮಕ್ಕಳ ಗುಂಪಿಗೆ, ಮೂರೂ ಮಂದಿಗೆ."

"ಮೂರು ಮಷೀನೇನು?"

"ಮಷೀನ್ ಒಂದ ರೀ. ಸಂಘದ ಹಿಂದ ಬೀಜದ ಚೀಲ ಇಡ್ತಿದ್ರಲ್ಲ, ಅಲ್ಲಿ ಇಟ್ಟೇನಿ. ಅದರೊಳಗ ಗುಂಪಿಗೊಂದು ಖೋಲಿ ಇದ್ದಂಗ ಮಾಡೇನಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳೂದಿಲ್ಲ."

"ನಡುವಿನ ಗ್ವಾಡಿ ಯಾರು ಕಟ್ಟಿದ್ರು?"

"ನಾನ ರೀ."

"ಕೀಲಿ?"

"ನನ್ನ ಕಡೇನ ಐತಿ."

"ಹಂಗಾರ ನಿನಗ ಎಲ್ಲಾ ಕಾಣ್ತೈತಿ."

"ಕಂಡ್ರೂ ನಾ ನೋಡೂದಿಲ್ರಿ," ಎಂದು ರೋಹಿಣಿ ನಕ್ಕಳು.

"ತೋಳನೂ ಹಂಗ ಅಂತೈತಿ, ಯವ್ವಾ."

ಹಾಲು ಕಾಸುತ್ತಿದ್ದ ಅವನ ಹೆಂಡತಿ ಫಕೀರವ್ವ ತಿರುಗಿದಳು. "ಬಾಯಾಗ ಒಂದು ಹಲ್ಲಿಲ್ಲ, ಮಾತು ಮಾತ್ರ ಕಡೀತಾವ! ಕೂಸಿಗೆ ತೋಳ ಅನ್ನಬಾರದು. ಬಾ ತಂಗಿ, ನನಗ ಕಲಿಸು."

ಅಮೋಘಸಿದ್ದಪ್ಪನ ಮನೆತನದಲ್ಲಿ ಒಂದು ಕಟ್ಟು ಇತ್ತು. ಕುರಿಯ ಬೇನೆಯನ್ನು ಹಟ್ಟಿಯ ಹೊರಗೆ ಹೆಸರಿಟ್ಟು ಹೇಳುವುದಿಲ್ಲ. ಯಾರಾದರೂ ಕೇಳಿದರೆ "ಕುರಿ ಮುನಿಸಿಕೊಂಡಾವ" ಎನ್ನಬೇಕು, ಅಷ್ಟೇ. ಬೇನೆಯ ಸುದ್ದಿ ಹಬ್ಬಿದರೆ ಯಾವ ಹೊಲದವನೂ ಬದು ಹತ್ತಗೊಡುವುದಿಲ್ಲ. ಫೋನು ಹೊರಗಿನ ಮನುಷ್ಯ ಅಲ್ಲವಲ್ಲ ಎಂದುಕೊಂಡು ಫಕೀರವ್ವ ಒಂದು ದಿನ ಕೇಳಿಯೇಬಿಟ್ಟಳು. ಎರಡು ಕುರಿ ಗೊರಸಿನ ನಡುವೆ ಹುಣ್ಣಾಗಿ ಕುಂಟುತ್ತಿದ್ದವು. ಗೊರಸು ತೊಳೆದು ಒಣನೆಲದಲ್ಲಿ ನಿಲ್ಲಿಸಿ, ದನದ ಡಾಕ್ಟರಿಗೆ ತೋರಿಸಿ ಎಂದಿತು ಫೋನು. ಹಾಗೆಯೇ ಮಾಡಿದರು, ಕುಂಟು ಕಡಿಮೆಯಾಯಿತು.

ಆದರೆ ಫೋನಿಗೆ ಕೇಳಿದ ಮರುದಿನವೇ ಶಂಭುಲಿಂಗಪ್ಪ ಬಂದವನು ಬದುವಿನಿಂದ ಕೆಳಗೇ ಇಳಿಯಲಿಲ್ಲ.

"ಅಮೋಘಸಿದ್ದಪ್ಪಾ, ಕುಂಟೋ ಕುರಿ ಹೆಂಗದಾವಪಾ?"

"ಯಾವ ಕುಂಟೋ ಕುರಿ, ಸಾವಕಾರ್ರ? ಎಲ್ಲಾ ಅಗದಿ ಆರಾಮ ಅದಾವ."

"ಏನಿಲ್ಲ, ಹಂಗ ಕೇಳಿದ್ನಿ." ಸಾವಕಾರನ ಕಣ್ಣು ಕುರಿಗಳ ಕಾಲಿನ ಮೇಲೇ ಓಡಾಡುತ್ತಿತ್ತು.

ಮುದುಕ ಅವತ್ತೇ ಸಂಘಕ್ಕೆ ಹೋದ. ಹಿಂದಿನ ಖೋಲಿಯಲ್ಲಿ ಫ್ಯಾನು ತಿರುಗುತ್ತಿತ್ತು, ಮಷೀನಿನ ಹಸಿರು ದೀಪ ಮಿಣುಗುತ್ತಿತ್ತು. ಮಾತು ಹೊರಗೆ ಹೋಗಿಲ್ಲವೆಂದು ರೋಹಿಣಿ ಅದನ್ನೂ ಇದನ್ನೂ ತೆರೆದು ತೋರಿಸಿದಳು. ಅವನಿಗೆ ಅಕ್ಷರ ಬಾರದು. ಅವನು ನೋಡುತ್ತಿದ್ದದ್ದು ಅವಳ ಮುಖವನ್ನು.

"ನಿಮ್ಮ ಕಾಕಾನ ಮುಂದ ನೀನ ಹೇಳಿದಿ."

"ಇಲ್ರಿ ಅಜ್ಜಾ. ಹೇಳಿದ್ರ ನನ್ನ ನಾಲಿಗಿ ಸೇದಿಹೋಗ್ಲಿ." ಅವಳ ಕಣ್ಣು ತುಂಬಿತು. ಕಣ್ಣೀರನ್ನು ನಂಬಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ.

ಅವನಿಗೆ ಅಪ್ಪ ನೆನಪಾದ. ಹುಲ್ಲಿರುವ ಜಾಗದ ಗುಟ್ಟು ಹೊರಗೆ ಬೀಳತೊಡಗಿದಾಗ ಅಪ್ಪ ಇಬ್ಬರು ಅಳಿಯಂದಿರಿಗೆ ಬೇರೆ ಬೇರೆ ಕೆರೆಯ ಹೆಸರು ಹೇಳಿದ್ದ. ಯಾವ ಕೆರೆಗೆ ಪರವೂರ ಕುರಿ ನುಗ್ಗಿದವೋ ಆ ಹೆಸರು ಕೇಳಿದ್ದ ಅಳಿಯ ಸಿಕ್ಕಿಬಿದ್ದ. ತಾನೂ ಹಾಗೇ ಮಾಡಬೇಕು. ಸಣ್ಣ ಸುಳ್ಳಾದರೆ ಯಾರಾದರೂ ಊಹಿಸಿಯಾರು. ಯಾರೂ ಊಹಿಸಲಾಗದ್ದೇ ಬೇಕು.

ಫಕೀರವ್ವ ನೀರಿಗೆ ಹೋದಾಗ ಫೋನನ್ನು ಬಾಯಿಗೆ ಹಿಡಿದು ಹೇಳಿದ: "ನಮ್ಮ ನಾಯಿ ಭೈರ್ಯಾಗ ಹುಚ್ಚು ಹಿಡದೈತಿ. ಕುರಿ ಕಡದೈತಿ. ಏನ್ ಮಾಡ್ಲಿ?"

"ಮನುಷ್ಯರಿಗೆ ಯಾರಿಗಾದರೂ ಕಚ್ಚಿದೆಯೇ? ಗಾಯವನ್ನು ಸಾಬೂನು ಹಾಕಿ ಚೆನ್ನಾಗಿ ತೊಳೆದು, ಕೂಡಲೇ ದವಾಖಾನೆಗೆ ಹೋಗಿ," ಎಂದಿತು ಅದು. ಅಷ್ಟು ಕಾಳಜಿಯಿಂದ ಕೇಳಿದ್ದಕ್ಕೆ ಮುದುಕನಿಗೆ ಒಂದು ಗಳಿಗೆ ನಾಚಿಕೆಯಾಯಿತು.

ಮರುದಿನ ಮುಂಜಾನೆ ಬದುವಿನ ಮೇಲೆ ಬಡಿಗೆ ಹಿಡಿದ ನಾಲ್ಕೈದು ಮಂದಿ, ಮುಂದೆ ಶಂಭುಲಿಂಗಪ್ಪ. ಕಂಬಳಿಯ ಮೇಲೆ ಮಲಗಿದ್ದ ಭೈರ್ಯಾ ಎದ್ದು ಬಾಲ ಆಡಿಸುತ್ತ ಅವರ ಕಡೆ ಹೋಯಿತು. ಎಲ್ಲರೂ ಹಿಂದಕ್ಕೆ ಜಿಗಿದರು, ಒಬ್ಬ ಒಡ್ಡಿನಿಂದಲೇ ಉರುಳಿದ.

ಬಾಯಿ ಬಿಟ್ಟವರು ಸಿಕ್ಕರು, ಎಂದು ಅಮೋಘಸಿದ್ದಪ್ಪನ ಎದೆ ಹಿಗ್ಗಿತು. ಅಷ್ಟರಲ್ಲಿ ಸಾವಕಾರ ಅಂದ: "ಹಟ್ಟಿ ಕೀಳು."

"ನಿಮಗ ಯಾರು ಹೇಳಿದ್ರು, ಸಾವಕಾರ್ರ? ಮೊದಲು ಅದನ್ನ ಹೇಳ್ರಿ."

ಶಂಭುಲಿಂಗಪ್ಪ ತನ್ನ ಫೋನು ತೆಗೆದು ಓದಿದ. "ನಿನ್ನೆ ಕೇಳಿದ ಪ್ರಶ್ನೆಗಳು. ನಾಯಿಗೆ ಹುಚ್ಚು ಹಿಡಿದು ಕುರಿ ಕಡಿದರೆ ಏನು ಮಾಡಬೇಕು?" ಓದಿ ತಲೆ ಎತ್ತಿದ. "ಮೊನ್ನೆ ಕುಂಟೋ ಕುರೀದೂ ಹಿಂಗ ಬಂದಿತ್ತು. ಹೆಸರಿಲ್ಲ, ಖರೆ. ಆದ್ರ ಈ ದಿಕ್ಕಿನ್ಯಾಗ ಕುರಿ ನಿಂದೊಂದ ಅಲ್ಲೇನು?"

ಸುದ್ದಿ ಕೇಳಿ ರೋಹಿಣಿ ಓಡಿಬಂದಳು. ಫೋನು ನೋಡಿದವಳ ಮುಖ ಬಿಳಿಚಿತು.

"ತಪ್ಪು ನಂದ ರೀ. ಹೆಂಗ ಕೇಳಬೇಕಂತ ತಿಳೀದವರಿಗೆ ದಾರಿ ಆಗ್ಲಿ ಅಂತ ಮೂರೂ ಖೋಲಿ ಪ್ರಶ್ನಿ ಕೂಡಿಸಿ ಎಲ್ಲಾರ ಫೋನಿನ್ಯಾಗೂ ಕಾಣುವಂಗ ಮ್ಯಾಲ ಹಾಕಿದ್ನಿ. ಹೆಸರು ತಗದ್ರ ಸಾಕು ಅನ್ಕೊಂಡಿದ್ನಿ."

ಅವಳು ಯಾರಿಗೂ ಹೇಳಿರಲಿಲ್ಲ. ಮುದುಕ ಸಾವಕಾರನ ಕಡೆ ತಿರುಗಿದ.

"ಸಾವಕಾರ್ರ, ನಾಯಿಗೆ ಏನೂ ಆಗಿಲ್ಲ. ಯಾರು ಬಾಯಿ ಬಿಡ್ತಾರ ಅಂತ ಹಿಡಿಯಾಕ ನಾನ ಸುಳ್ಳು ಹೇಳಿದ್ನಿ."

"ಕುಂಟೋ ಕುರಿ ಇಲ್ಲ ಅಂದಿ, ಅದು ಇತ್ತು. ಈಗ ಹುಚ್ಚು ನಾಯಿ ಇಲ್ಲ ಅಂತಿ. ಯಾವುದನ್ನ ನಂಬಲಪಾ? ನನ್ನ ಎತ್ತು ಇಲ್ಲೇ ಕಟ್ಟತೇನಿ, ಮೊಮ್ಮಕ್ಕಳು ಇಲ್ಲೇ ಆಡ್ತಾವ."

"ಡಾಕ್ಟರ್ನ ಕರಕೊಂಡು ಬರ್ತೇನಿ ಕಾಕಾ," ಎಂದಳು ರೋಹಿಣಿ.

"ಡಾಕ್ಟರ್ ಕಾದು ನೋಡೂಣು ಅಂತಾನ. ಕಾಯೂದು ಯಾರ ಹೊಲದಾಗ?"

ಬಾಜೂ ಹೊಲದವರು ಮುಖ ತಿರುಗಿಸಿದರು. ಅಪ್ಪನ ಸುಳ್ಳು ಒಬ್ಬನ ಕಿವಿಗೆ ಹೋಗಿ ಅಲ್ಲೇ ನಿಂತಿತ್ತು. ಇವನದು ಊರೆಲ್ಲ ಸುತ್ತಿ, ತಿರುಗಿ ಕರೆದರೂ ಬರಲಿಲ್ಲ. ಫಕೀರವ್ವ ಹಟ್ಟಿಯ ಬಲೆ ಸುತ್ತತೊಡಗಿದಳು. ಗಂಡನಿಗೆ ಅದು ಬೈಗುಳಕ್ಕಿಂತ ಭಾರವಾಯಿತು.

ರೋಹಿಣಿ ಅವತ್ತೇ ಆ ಪ್ರಶ್ನೆಗಳನ್ನು ಮಷೀನಿನಿಂದ ತೆಗೆದುಹಾಕಿದಳು. ಮರುದಿನ ಬಂದು, ಈಚೆಗೆ ಇಳಿದ ಹಸಿ ಮರಿಗಳನ್ನು ಬುಟ್ಟಿಯಲ್ಲಿಟ್ಟು ಹಟ್ಟಿಯ ಕುದುರೆಯ ಮೇಲೆ ಕಟ್ಟಲು ಫಕೀರವ್ವನಿಗೆ ಕೈಹಚ್ಚಿದಳು.

"ಯಾವ ಕಡೆ ಹೊಂಟೀರಿ ಅಜ್ಜಾ?"

ಅಮೋಘಸಿದ್ದಪ್ಪ ಅವಳ ಮುಖ ನೋಡಿದ, ಅವಳ ಕೈಯಲ್ಲಿದ್ದ ಫೋನು ನೋಡಿದ.

"ಹುಲ್ಲಿದ್ದ ಕಡೆ, ಯವ್ವಾ," ಎಂದಷ್ಟೇ ಹೇಳಿದ.

ಗಬ್ಬದ ಕುರಿ, ಬುಟ್ಟಿಯ ಮರಿ, ಬಾಲ ಆಡಿಸುವ ಭೈರ್ಯಾ, ಎಲ್ಲವನ್ನೂ ಕಟ್ಟಿಕೊಂಡು ಗಂಡ ಹೆಂಡತಿ ಆ ಹೊಲ ಬಿಟ್ಟು ಹೋದರು.