ತಡೆದುಕೊಂಡವಳು

ಮನೆಯಲ್ಲಿ ಎಲ್ಲರೂ ಅವಳನ್ನು ಛೀ-ಅಕ್ಕ ಎಂದೇ ಕರೆಯುತ್ತಿದ್ದರು. ತಪ್ಪೇನಿಲ್ಲ ಬಿಡಿ. ಬಸ್ಸಿನ ಕಂಬಿ ಮುಟ್ಟಿದರೆ ಛೀ, ನೆಂಟರ ಮನೆಯ ಲೋಟ ಮೂಸಿ ನೋಡಿ ಛೀ, ಗಂಡ ಸೀನಿದರೂ ಛೀ. ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಅಂಗಿಯ ಕಾಲರ್ ನೋಡಿಯೇ ಗಿರಾಕಿಯ ಜನ್ಮ ಜಾಲಾಡುವವಳು. ಅಂಥವಳನ್ನು ತಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಒಂದು ಕಡೆ ಯಾರೋ ವಾಂತಿ ಮಾಡಿಟ್ಟ ಬೇಸಿನ್ನು, ಇನ್ನೊಂದು ಕಡೆ ರಕ್ತ ಮೆತ್ತಿದ ಹತ್ತಿಯ ಬಕೆಟ್ಟು, ನಡುವೆ ಜಿಡ್ಡುಗಟ್ಟಿದ ಒಂದು ಸ್ಟೂಲಿನ ಮೇಲೆ ಕೂರಿಸಿದರೆ ಹೇಗಿರಬೇಡ! ಸ್ಟೂಲಿನ ತುದಿಗೆ ಅರ್ಧ ಕುಂಡಿ ಊರಿ, ಉಸಿರನ್ನು ಬಾಯಲ್ಲೇ ಎಳೆದುಕೊಳ್ಳುತ್ತ ಕೂತಿದ್ದಳು.

ಕೂರದೆ ಏನು ಮಾಡುವುದು? ಮಂಚದ ಮೇಲೆ ಮಲಗಿದ್ದವಳು ಪುಟ್ಟಿ, ಅವಳ ತಂಗಿ. ಅಮ್ಮ ಹೋದಮೇಲೆ ಪುಟ್ಟಿಗೆ ತಲೆ ಬಾಚಿ, ಜಡೆ ಹಾಕಿ, ಬೈದು, ಬೆಳೆಸಿದವಳೇ ಅಕ್ಕ. ಆ ಪುಟ್ಟಿ ಇವತ್ತು ಬೆಳಿಗ್ಗೆ ತಾನು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ, ಗಿರಾಕಿಯ ಮುಂದೆ ಥಾನು ಬಿಚ್ಚುತ್ತ ಬಿಚ್ಚುತ್ತ ಅದರ ಮೇಲೇ ಕುಸಿದುಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು, ತುಟಿ ಒಡೆದು ಸಿಪ್ಪೆ ಎದ್ದಿತ್ತು.

"ಮೂತ್ರದ ಸೋಂಕು ರಕ್ತಕ್ಕೆ ಹೋಗಿದೆ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. "ಬಿಪಿ ಕುಸಿದುಹೋಗಿದೆ. ಕಿಡ್ನಿಗಳು ಕೆಲಸ ನಿಲ್ಲಿಸಿಬಿಟ್ಟಿವೆ. ಔಷಧಿ, ಡ್ರಿಪ್ಪು ಎಲ್ಲಾ ಶುರು ಮಾಡಿದೀವಿ. ಮೂತ್ರದ ದಾರಿಗೆ ನಳಿಗೆ ಹಾಕಿದೀವಿ, ಇನ್ನು ಈ ಚೀಲಕ್ಕೆ ಮೂತ್ರ ಬರಬೇಕು ನೋಡಿ. ಬರಲಿಲ್ಲ ಅಂದ್ರೆ ಸಂಜೆ ಒಳಗೆ ಕತ್ತಿಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಲೇಬೇಕು. ಇಷ್ಟು ಕಡಿಮೆ ಬಿಪಿ ಇರೋರಿಗೆ ಅದೂ ಸಲೀಸಲ್ಲಮ್ಮ, ಮೊದಲೇ ಹೇಳಿರ್ತೀನಿ."

"ಉಳೀತಾಳಾ?" ಎಂದಳು ಅಕ್ಕ.

"ಮೂತ್ರ ಬರಲಿ. ಆಮೇಲೆ ಮಾತಾಡೋಣ. ಅಂದ್ಹಾಗೆ, ಯಾವುದಾದ್ರೂ ನೋವಿನ ಮಾತ್ರೆ ತಗೋತಿದ್ರಾ? ನೀರು ಕುಡಿಯೋದೇ ಇಲ್ವಾ ಇವರು?"

ಮಾತ್ರೆಯ ವಿಷಯ ಅಕ್ಕನಿಗೆ ಗೊತ್ತಿರಲಿಲ್ಲ. ನೀರಿನ ವಿಷಯ ಗೊತ್ತಿತ್ತು.

ಪುಟ್ಟಿಯ ಅಂಗಡಿ ಹೊರಗಿನಿಂದ ನೋಡಬೇಕು, ಅರಮನೆ! ಗಾಜು, ದೀಪ, ಬಾಗಿಲಲ್ಲಿ ಸುಗಂಧ. ಹಿಂದುಗಡೆ ಗೋದಾಮಿನ ಮೂಲೆಯಲ್ಲಿ ಕೆಲಸದವರಿಗೆಂದು ಒಂದು ಪಾಯಿಖಾನೆ. ಒಮ್ಮೆ ತಂಗಿಗೆ ಬುತ್ತಿ ಕೊಡಲು ಹೋದಾಗ ಅಕ್ಕ ಅದರ ಬಾಗಿಲು ತೆಗೆದು ನೋಡಿದ್ದಳು. ಥೂ, ಹೇಳಬಾರದು, ಆದರೂ ಹೇಳುತ್ತೇನೆ: ಕಟ್ಟಿಕೊಂಡು ಉಕ್ಕಿ ನಿಂತ ನೀರು, ಅದರಲ್ಲಿ ತೇಲುವ ಬೀಡಿ ತುಂಡು, ಚಿಲಕವಿಲ್ಲದ ಬಾಗಿಲು, ಗೋಡೆಯ ಮೇಲೆ ಬೆರಳಲ್ಲಿ ಒರೆಸಿದ ಗುರುತು. ಅವತ್ತು ರಾತ್ರಿ ಅವಳಿಗೆ ಊಟ ಸೇರಿರಲಿಲ್ಲ. ಗಿರಾಕಿಗಳ ಪಾಯಿಖಾನೆ ಮೇಲಿನ ಮಹಡಿಯಲ್ಲಿತ್ತು, ಫಳಫಳ ಅನ್ನುವಂಥದ್ದು. ಅದರ ಬೀಗದ ಕೈ ಮ್ಯಾನೇಜರನ ಸೊಂಟದಲ್ಲಿ. ಯಾವಳಾದರೂ ಹೋಗಿ ಕೇಳಿದರೆ ಆ ಮಹಾನುಭಾವ ನಾಲ್ಕು ಜನ ಗಿರಾಕಿಗಳಿಗೆ ಕೇಳುವ ಹಾಗೆ, "ಮತ್ತೆ ಬಂತಾ ನಿಂಗೆ?" ಎನ್ನುತ್ತಿದ್ದ. ಒಂದು ಸಲ ಹಾಗೆ ಅನ್ನಿಸಿಕೊಂಡ ಹೆಂಗಸು ಎರಡನೇ ಸಲ ಹೋಗುತ್ತಾಳೆಯೇ?

ಹಾಗಾಗಿ ಅಲ್ಲಿನ ಹೆಂಗಸರೆಲ್ಲ ಒಂದು ವಿದ್ಯೆ ಕಲಿತಿದ್ದರು. ಬೆಳಿಗ್ಗೆ ಮನೆ ಬಿಟ್ಟಮೇಲೆ ಅಂಗಡಿ ಮುಚ್ಚುವ ತನಕ ಗುಟುಕು ನೀರು ಕುಡಿಯಕೂಡದು. ತೀರಾ ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗಿಯುವುದು, ಇಲ್ಲವೇ ದವಡೆಯಲ್ಲಿ ಒಂದು ಪೆಪ್ಪರ್‌ಮೆಂಟು ಒತ್ತಿಟ್ಟುಕೊಳ್ಳುವುದು. ಹೊಸದಾಗಿ ಸೇರಿದವಳಿಗೆ ಬಟ್ಟೆ ಮಡಿಸುವುದಕ್ಕಿಂತ ಮೊದಲು ಇದನ್ನೇ ಕಲಿಸುತ್ತಿದ್ದರು. ಇದರಲ್ಲಿ ಪುಟ್ಟಿಯನ್ನು ಮೀರಿಸಿದವರಿಲ್ಲ. "ನಂಗೆ ಬಾಯಾರಿಕೇನೇ ಆಗಲ್ಲ ಕಣಕ್ಕ," ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದಳು, ಅದೇನೋ ಪದಕ ಗೆದ್ದವಳ ಹಾಗೆ!

ಮಧ್ಯಾಹ್ನ ಕಳೆಯಿತು. ಆಗಾಗ ನರ್ಸಮ್ಮ ಬಂದು ಮಂಚದ ಪಕ್ಕ ನೇತಾಡುವ ಚೀಲದ ಮುಂದೆ ಬಗ್ಗಿ ನೋಡಿ, ತುಟಿ ಕಚ್ಚಿಕೊಂಡು ಹೋಗುತ್ತಿದ್ದಳು. ಅಕ್ಕ ಮಾತ್ರ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ತಂಗಿಯ ಹಣೆ ಒರೆಸಿದಳು, ಪಾದ ತಿಕ್ಕಿದಳು. ಆ ಚೀಲ ಮಾತ್ರ ಆಗದು ಎಂದರೆ ಆಗದು.

ಅಷ್ಟರಲ್ಲಿ ಅಪಘಾತದ ಗಾಯಾಳು ಒಬ್ಬ ಬಂದ. ಇದ್ದಬದ್ದವರೆಲ್ಲ ಆ ಕಡೆ ಓಡಿದರು. ಅದೇ ಹೊತ್ತಿಗೆ ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತವನು ಯಾರು? ಅದೇ ಮ್ಯಾನೇಜರ್. ಯಾವ ಮಂಚ ಎಂದು ಕಣ್ಣಾಡಿಸುತ್ತಿದ್ದ.

ಅಕ್ಕನ ಕಣ್ಣು ತಾನಾಗಿ ಚೀಲದ ಮೇಲೆ ಬಿತ್ತು. ಅದರಲ್ಲಿ ಹಳೇ ಟೀ ಬಣ್ಣದ್ದೇನೋ ನಿಂತಿತ್ತು. "ಮತ್ತೆ ಬಂತಾ?" ಎಂದು ಆಡಿಕೊಂಡ ಆ ನಾಲಿಗೆಯ ಮುಂದೆ ತನ್ನ ತಂಗಿಯ ಮೂತ್ರ ಪ್ರದರ್ಶನಕ್ಕಿಟ್ಟ ಹಾಗೆ ತೂಗಾಡಬೇಕೇ? ಅವಳಿಗೆ ಮೈಯೆಲ್ಲ ಉರಿಯಿತು. ಬಂದದ್ದನ್ನು ಹೇಗಿದ್ದರೂ ಚೆಲ್ಲುವುದೇ ತಾನೆ! ಮಂಚದಡಿಯ ಪಾತ್ರೆ ಎಳೆದು, ಮುಖ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಚೀಲದ ಕೆಳಗಿನ ತಿರುಪು ತೆಗೆದಳು. ಹಾಗೇ ಕೊಂಡುಹೋಗಿ ಪಾಯಿಖಾನೆಗೆ ಸುರಿದು, ಸೋಪಿನಲ್ಲಿ ಚರ್ಮ ಕಿತ್ತುಬರುವ ಹಾಗೆ ಕೈ ಉಜ್ಜಿಕೊಂಡು ಬಂದಳು.

"ಹೇಗ್ರೀ ಕೂತಿದೀರಾ ಈ ವಾಸನೇಲಿ?" ಎಂದ ಮ್ಯಾನೇಜರ್, ಕರ್ಚೀಫಿನ ಒಳಗಿಂದಲೇ. "ನನಗಂತೂ ಆಗಲ್ಲಪ್ಪ. ಮನೇಲೇ ಜ್ವರ ಇತ್ತಂತೆ ಅಲ್ವಾ ಪಾಪ? ಡಾಕ್ಟ್ರು ಕೇಳಿದ್ರೆ ಹಾಗೇ ಹೇಳಿ. ಸುಮ್ನೆ ಅಂಗಡಿ ಹೆಸರು ಯಾಕೆ?"

ಓ, ಹಣ್ಣು ಬಂದಿದ್ದು ಇದಕ್ಕೆ!

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಬಂದು ಚೀಲದ ಮುಂದೆ ಬಗ್ಗಿದಳು. ಮೇಲೆದ್ದಾಗ ಅವಳ ಮುಖ ಬಾಡಿತ್ತು. "ಮೇಡಂ, ಪೂರ್ತಿ ಖಾಲಿ," ಎಂದು ಕೂಗಿದಳು. ಡಾಕ್ಟರಮ್ಮ ಬಂದಳು, ನೋಡಿದಳು, ನಿಟ್ಟುಸಿರು ಬಿಟ್ಟಳು. "ಇಷ್ಟು ಹೊತ್ತಾದ್ರೂ ಒಂದು ಹನಿ ಇಲ್ಲ ಅಂದ್ರೆ ಇನ್ನು ಕಾಯೋ ಹಾಗಿಲ್ಲ. ಕತ್ತಿನ ನಳಿಗೆ ತಯಾರು ಮಾಡಿ."

ತಾನು ಮಾಡಿದ್ದೇನು ಎಂಬುದು ಆಗ ಅಕ್ಕನ ತಲೆಗೆ ಹೊಕ್ಕಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಆದರೆ ಸುಮ್ಮನಿರುವುದು ಹೇಗೆ?

"ಬಂದಿತ್ತು," ಎಂದಳು. "ನಾನೇ ಚೆಲ್ಲಿಬಿಟ್ಟೆ."

"ಏನು?"

"ಮೂತ್ರ ಬಂದಿತ್ತಮ್ಮ. ಇವರು ಬಂದ್ರು, ನಾಚಿಕೆ ಆಯ್ತು. ಚೆಲ್ಲಿದೆ."

"ಎಷ್ಟಿತ್ತು?"

"ನೋಡಲಿಲ್ಲ. ಕಣ್ಣು ಮುಚ್ಕೊಂಡಿದ್ದೆ. ಅಸಹ್ಯ ಅಂತ."

"ಅಲ್ರೀ, ನಿಮಗೆ ಬುದ್ಧಿ ಇದೆಯೇನ್ರೀ?" ನರ್ಸಮ್ಮನ ದನಿ ಇಡೀ ಕೋಣೆಗೆ ಕೇಳಿತು. "ಬೆಳಿಗ್ಗೆಯಿಂದ ಆ ಹನಿಗೋಸ್ಕರ ನಾವು ಬಾಯಿ ಬಾಯಿ ಬಿಡ್ತಿದೀವಿ. ಅಳೆದು ನೋಡೋಕೆ ಅಂತ ಕಾಯ್ತಿದೀವಿ. ತಗೊಂಡ್ಹೋಗಿ ಚೆಲ್ಲೋದಾ!"

ಅಕ್ಕ ತಲೆ ತಗ್ಗಿಸಿದಳು. ಜೀವಮಾನವೆಲ್ಲ ಕಂಡಕಂಡದ್ದಕ್ಕೆ ಮೂಗು ಮುರಿದವಳಿಗೆ ಈಗ ತನ್ನ ಮೇಲೇ ಹೇಸಿಗೆ ಹುಟ್ಟಿತು. ಎಂಥ ಶುದ್ಧಿ ನನ್ನದು, ಬೆಂಕಿ ಬೀಳಲಿ ಅದಕ್ಕೆ, ಎಂದುಕೊಂಡಳು. ಪಕ್ಕದಲ್ಲಿ ಕರ್ಚೀಫಿನ ಹಿಂದೆ ಮ್ಯಾನೇಜರ್ ಕಿಸಕ್ಕೆಂದ. ಸಾಕಾಯಿತು, ಅಕ್ಕ ತಲೆ ಎತ್ತಿದಳು.

"ನಾನು ಮಾಡಿದ್ದು ನಾನು ಹೇಳಾಯ್ತು. ಈಗ ನೀವು ಬಾಯಿ ಬಿಡ್ರಿ. ಇವಳಿಗೆ ಏನು ಮಾತ್ರೆ ಕೊಡ್ತಿದ್ರಿ?"

"ನಾನ್ಯಾಕೆ..."

"ಜ್ವರ ಇಟ್ಕೊಂಡು ಇವಳು ಹಗಲೆಲ್ಲಾ ನಿಂತಿದ್ದಾಳೆ ಅಂದ್ರೆ ಯಾರೋ ಏನೋ ನುಂಗ್ಸಿದಾರೆ. ಮೂಗು ಬಿಟ್ಟು ಮಾತಾಡ್ರಿ! ನಿಮ್ಮ ಗೋದಾಮಿನ ಮೂಲೆಯ ವಾಸನೆಗೆ ಹೇಸಿ ನೀರು ಬಿಟ್ಟೇ ಇವಳು ಇಲ್ಲಿ ಮಲಗಿರೋದು. ಅದು ನಿಮ್ಮ ಮೂಗಿಗೆ ಹತ್ತಲಿಲ್ಲ, ಇದು ಹತ್ತುತ್ತಾ?"

ಡಾಕ್ಟರಮ್ಮ ಅವನನ್ನೇ ದಿಟ್ಟಿಸಿ ನಿಂತಳು. ಕೊನೆಗೆ ಅವನು ಬಾಯಿಬಿಟ್ಟ. "ಕೌಂಟರಿನ ಡಬ್ಬೀಲಿ ಇರುತ್ತೆ, ಮೈಕೈ ನೋವಿಂದು. ಕೇಳಿದವರಿಗೆಲ್ಲಾ ಕೊಡ್ತೀವಿ. ಇವರು ಒಂದು ವಾರದಿಂದ ತಗೋತಿದ್ರು. ಕೆಲಸ ನಿಲ್ಲಬಾರದಲ್ವಾ ಅಂತ..."

"ಮೈಯಲ್ಲಿ ನೀರಿಲ್ಲ, ಮೇಲೆ ಸೋಂಕು, ಅದರ ಮೇಲೆ ಈ ಮಾತ್ರೆ!" ಎಂದಳು ಡಾಕ್ಟರಮ್ಮ. "ಕಿಡ್ನಿ ಇನ್ನೇನಾಗ್ಬೇಕು? ಹೋಗಿ ಆ ಮಾತ್ರೆ ಹಾಳೆ ತಗೊಂಡು ಬನ್ನಿ, ಈಗಲೇ." ನರ್ಸಮ್ಮನ ಕಡೆ ತಿರುಗಿದಳು. "ರಕ್ತ ಇನ್ನೊಂದು ಸಲ ಕಳ್ಸಿ. ಬಂದಿದ್ದು ನಿಜ ಆದ್ರೆ ಮತ್ತೆ ಬರಬೇಕು. ರಕ್ತದ ವರದಿ ಬರೋ ತನಕ ಕಾಯ್ತೀನಿ, ಅದಕ್ಕಿಂತ ಆಗಲ್ಲ. ನಳಿಗೆ ಸಿದ್ಧವಾಗೇ ಇರಲಿ."

ಅಕ್ಕ ಸ್ಟೂಲು ಒದ್ದು ಬದಿಗೆ ಸರಿಸಿ, ಆ ಕೊಳಕು ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತಳು. ಮೂಗು ಚೀಲಕ್ಕೆ ತಾಗುವಷ್ಟು ಹತ್ತಿರ. ಕೊಳವೆಯ ಬಾಯಿಯನ್ನೇ ರೆಪ್ಪೆ ಮಿಟುಕಿಸದೆ ನೋಡಿದಳು. ಏನೂ ಇಲ್ಲ. ಬಾರೇ, ಬಾ, ಎಂದು ಮೂತ್ರವನ್ನು ಕೈ ಮುಗಿದು ಕರೆದವರನ್ನು ನೀವು ಕಂಡಿದ್ದೀರಾ? ಅವಳು ಕರೆದಳು.

ಮ್ಯಾನೇಜರ್ ಮಾತ್ರೆ ಹಾಳೆ ಹಿಡಿದು ಮರಳಿ ಬಂದು ಮಂಚದ ಕಾಲಬುಡದಲ್ಲಿ ನಿಂತ. ಅದೇ ಹೊತ್ತಿಗೆ ಪುಟ್ಟಿ ನರಳಿ, ಅರೆಗಣ್ಣು ತೆರೆದಳು.

"ಅಕ್ಕಾ, ಒತ್ತರಿಸಿ ಬರ್ತಿದೆ ಕಣೆ."

"ಬಿಡೇ, ನಮ್ಮಮ್ಮ. ನಳಿಗೆ ಹಾಕಿದಾರೆ, ಎಲ್ಲೂ ಏಳೋದು ಬೇಡ. ಇಲ್ಲೇ ಬಿಡು."

ಪುಟ್ಟಿ ತಲೆ ಅಲ್ಲಾಡಿಸಿದಳು. ಹೊದಿಕೆಯ ಕೆಳಗೆ ಎರಡೂ ಮೊಣಕಾಲು ಒಂದಕ್ಕೊಂದು ಅಂಟಿಸಿ, ನಡುವೆ ಹಾದ ಕೊಳವೆ ಅದುಮಿಹೋಗುವ ಹಾಗೆ ಬಿಗಿದುಕೊಂಡಳು. ಜ್ವರದ ಭ್ರಮೆಯಲ್ಲೂ ಅವಳು ತಡೆದುಕೊಳ್ಳುತ್ತಿದ್ದಳು.

"ಅಂಗಡಿ ಮುಚ್ಲಿ, ಮನೆಗೆ ಹೋಗಿ... ಮ್ಯಾನೇಜರ್ ಅಲ್ಲೇ ಇದಾರಾ?"

ಅಕ್ಕ ತಲೆ ಎತ್ತಿ ನೋಡಿದಳು. ಕೈಯಲ್ಲಿ ಹಾಳೆ, ಮೂಗಿಗೆ ಕರ್ಚೀಫು, ಅವನು ಅಲ್ಲೇ ಇದ್ದ.

"ಇಲ್ಲ ಕಣೆ ಪುಟ್ಟಿ," ಎಂದಳು ಅವನ ಮುಖವನ್ನೇ ನೋಡುತ್ತ. "ಇಲ್ಲಿ ಮನುಷ್ಯರು ಯಾರೂ ಇಲ್ಲ."

ಪುಟ್ಟಿಯ ಮೊಣಕಾಲುಗಳು ಮೆಲ್ಲಗೆ ಸಡಿಲವಾದವು. ಕೊಳವೆಯಲ್ಲಿ ಟೀ ಬಣ್ಣದ ಒಂದು ಎಳೆ ಇಳಿಯತೊಡಗಿತು, ಅಕ್ಕ ನರ್ಸಮ್ಮನನ್ನು ಕೂಗಿದಳು.