ಒಂದು ಮಾರು ಮುಂದೆ

ಪರದೆಯ ಸಂದಿಯಿಂದ ಬಂದ ಬಿಸಿಲಿನ ಗೆರೆ ಮೊಣಕಾಲು ದಾಟಿ ಹೊಟ್ಟೆಯ ಮೇಲೆ ಏರಿದೆ, ಅಂದರೆ ಹನ್ನೆರಡೂವರೆ, ನೋಡಬೇಕಾಗಿಲ್ಲ, ಆದರೂ ನೋಡಿದೆ, ಹನ್ನೆರಡು ಮೂವತ್ತನಾಲ್ಕು — ಇನ್ನು ಒಂದು ಗಂಟೆ ಆರು ನಿಮಿಷ. ಒಂದು ನಲವತ್ತಕ್ಕೆ ನನ್ನ ಒಂಬತ್ತು ಗಂಟೆಯ ವಿಶ್ರಾಂತಿ ಮುಗಿಯುತ್ತದೆ, ಕೀಲಿ ತಿರುಗಿಸುತ್ತೇನೆ, ನಾಲ್ಕು ಗಂಟೆ ಹತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಐದು ಐವತ್ತಕ್ಕೆ ನಮ್ಮ ಡಿಪೋ, ಆರಕ್ಕೆ ಮಗಳು ತನ್ನ ಮೊದಲ ಲೋಡು ಎತ್ತುತ್ತಾಳೆ. ಹತ್ತು ನಿಮಿಷ ಮಿಗುತ್ತದೆ, ಹತ್ತು ನಿಮಿಷ ಧಾರಾಳ, ಟೈರಿಗೆ ಒಂದು ಒದೆ, ಕನ್ನಡಿ ಸರಿ ಮಾಡ್ಕೋ ಎಂದು ಒಂದು ಗದರಿಕೆ, ಅಷ್ಟೇ — ನನ್ನ ಮಗಳು ಹದಿನೆಂಟು ಚಕ್ರದ ಲಾರಿ ಹತ್ತುವುದನ್ನು ಡಿಪೋದ ಆ ಹಲ್ಲುಕಿರಿಯುವ ಗಂಡಸರೆಲ್ಲ ನೋಡಬೇಕು, ಅವರು ನೋಡುವುದನ್ನು ನಾನು ನೋಡಬೇಕು. ನೆತ್ತಿಯ ಮೇಲೆ ಡಬ್ಬಿ ಮಿಣುಕುತ್ತಿದೆ, ಓಡಿಸಿದ ಹೊತ್ತು, ನಿಂತ ಹೊತ್ತು ಎಲ್ಲ ಬರೆದುಕೊಳ್ಳುವ ಅಂಗೈಯಗಲದ ಯಂತ್ರ, ನನ್ನ ಕಾರ್ಡು ನುಂಗಿಕೊಂಡು ಕೂತಿದೆ, ನಾಲ್ಕೂವರೆ ಗಂಟೆ ಓಡಿಸಿದೆಯಾ ಮುಕ್ಕಾಲು ಗಂಟೆ ನಿಲ್ಲು, ದಿನದ ಲೆಕ್ಕ ಮುಗಿಯಿತಾ ಬಿದ್ದುಕೋ, ಕಟ್ಟಿಕೊಂಡ ಹೆಂಡತಿಯೂ ನನ್ನನ್ನು ಇಷ್ಟು ಕಾದವಳಲ್ಲ. ಆರು ವರ್ಷ, ಆ ಕಾರ್ಡಿನ ಮೇಲೆ ಒಂದೇ ಒಂದು ಕೆಂಪು ಗೆರೆ ಇಲ್ಲ. ಆಫೀಸಿನಲ್ಲಿ ಕಾರ್ಡು ಓದುವ ಹುಡುಗಿ ಪ್ರತಿ ತಿಂಗಳೂ ನಗುತ್ತಾಳೆ, ನಿಮ್ಮದ್ರಲ್ಲಿ ಓದೋಕೆ ಏನೂ ಇರಲ್ಲ ಅಣ್ಣಾ, ಬರೀ ಬೋರು. ಬೋರು ಆಗಲಿ ತಾಯಿ, ಬೋರು ಆಗಲಿ. ಬೆಳಗಿನ ಜಾವವೂ ಹಾಗೇ ಆಯಿತಲ್ಲ, ಯಾರ್ಡಿನೊಳಗೆ ಬಂದಾಗ ಇನ್ನು ಎರಡೇ ನಿಮಿಷ ಉಳಿದಿತ್ತು, ಪಕ್ಕದವನು ವಕ್ರವಾಗಿ ನಿಲ್ಲಿಸಿದ್ದ, ಹಿಂದೆ ಮುಂದೆ ಮಾಡಿ ಗೆರೆಯೊಳಗೆ ಕೂರಿಸುತ್ತ ಇದ್ದಿದ್ದರೆ ಸಮಯ ಮೀರುತ್ತಿತ್ತು, ನಾಲ್ಕು ನಲವತ್ತಕ್ಕೆ ನಿಂತ ಹಾಗೇ ಇಂಜಿನ್ ಆರಿಸಿದೆ. ಪಕ್ಕದವನು ಎದ್ದು ಹೋದ, ನನ್ನ ಟ್ರೈಲರಿನ ಬಾಲ ಗೆರೆಯಾಚೆ ಒಂದು ಮಾರು ಉಳಿದುಕೊಂಡಿತು, ಉಳಿಯಲಿ, ನಿಯಮ ನಿಯಮವೇ.

ಠಕ್ ಠಕ್ ಠಕ್ — ಬಾಗಿಲಿಗೆ ಬೆರಳುಗಂಟು, ಅದರ ಹಿಂದೆಯೇ ಸೀಟಿ. ಯಾರ್ಡಿನ ಕಾವಲಿನವನು, ಕತ್ತಿಗೆ ಸೀಟಿ ಕಟ್ಟಿಕೊಂಡೇ ಹುಟ್ಟಿದವನು, ಡ್ರೈವರುಗಳೆಲ್ಲ ಅವನನ್ನು ಸೀಟಿ ಎಂದೇ ಕರೆಯುವುದು. ಪರದೆ ಸರಿಸಿದೆ. ಯಜಮಾನ್ರೇ, ಗಾಡಿ ಒಂದು ಮಾರು ಮುಂದೆ ತಗೊಳ್ಳಿ. ಆಗಲ್ಲ. ಒಂದೇ ಮಾರು ರೀ, ಗುಡ್ಡ ಹೊರಿ ಅಂದ್ನಾ ನಾನು, ಹಿಂದೆ ಒಬ್ಬ ಬಂದು ನಿಂತಿದಾನೆ, ಇರೋದು ಒಂದೇ ಜಾಗ, ಅದಕ್ಕೆ ನಿಮ್ಮ ಬಾಲ ಅಡ್ಡ. ಒಂದು ನಲವತ್ತಾದ್ಮೇಲೆ ಬಾ, ಮಾರೇನು, ಊರೇ ಬಿಟ್ಟು ಹೋಗ್ತೀನಿ. ಅಲ್ಲಾ ಸ್ವಾಮಿ, ಒಂದು ಮಾರಿಗೆ— ಒಂದು ಮಾರಾಗ್ಲಿ ಒಂದು ಗೇಣಾಗ್ಲಿ, ಚಕ್ರ ಉರುಳಿದ್ರೆ ಉರುಳಿದ್ದೇ, ಮಲಗಿದ ಎಂಟು ಗಂಟೆಯೂ ನೀರಲ್ಲಿ ಹೋಮ, ಮತ್ತೆ ಮೊದಲಿಂದ ಒಂಬತ್ತು ಗಂಟೆ ಇಲ್ಲೇ ಬಿದ್ದಿರ್ಬೇಕು, ನೀನು ಬಂದು ಜೋಗುಳ ಹಾಡ್ತೀಯಾ? ಸೀಟಿ ದನಿ ಇಳಿಸಿದ, ಕಾರ್ಡು ಈಚೆ ತೆಗೆದು ತಗೊಳ್ಳಿ ಯಜಮಾನ್ರೇ, ಯಾರು ನೋಡ್ತಾರೆ. ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿ ನೋಡುತ್ತಯ್ಯಾ, ಕಾರ್ಡಿಲ್ದೆ ಗಾಡಿ ಓಡ್ತು ಅಂತ ಅದನ್ನೂ ಬರ್ಕೊಳ್ಳುತ್ತೆ, ನನಗೆ ಕಳ್ಳದಾರಿ ತೋರಿಸ್ಬೇಡ, ಆ ದಾರಿ ಮಾಡಿದವರಲ್ಲಿ ನಾನೂ ಒಬ್ಬ — ಎಂದು ಗಾಜು ಏರಿಸಿದೆ. ಹೌದು, ನಾನೇ. ಡಬ್ಬಿಯ ಕಾಲಕ್ಕೂ ಮುಂಚೆ ದುಂಡು ಕಾಗದವಿತ್ತು, ಓಡಿಸಿದ ಗಂಟೆಯನ್ನು ಸೂಜಿ ಅದರ ಮೇಲೆ ಗೀಚುತ್ತಿತ್ತು, ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತಿದ್ದೆವು, ಸೂಜಿ ಬಾಗಿಸುವುದು, ಕಾಗದ ಬದಲಿಸುವುದು, ಭಾವಮೈದುನನ ಹೆಸರಿನ ಕಾಗದ ಹಾಕಿ ಅವನ ಪಾಲಿನ ಗಂಟೆಯನ್ನೂ ನಾನೇ ಓಡಿಸುವುದು, ಹತ್ತೊಂಬತ್ತು ಗಂಟೆ ಹೊಡೆದೆ ಎಂದು ಮೀಸೆ ತಿರುವುವುದು, ಆಗ ಗಂಡಸುತನ ಎಂದರೆ ಅದೇ ಎಂದುಕೊಂಡಿದ್ದೆ, ಬೆಳಗ್ಗೆ ಹನ್ನೊಂದರ ಬಿಸಿಲು, ಗಾಜಿನ ತುಂಬ ಹಳದಿ — ಬೇಡ, ಈಗ ಅದು ಬೇಡ.

ಹನ್ನೆರಡು ನಲವತ್ತೊಂದು. ಹಿಂದಿನವನು ಹಾರ್ನ್ ಹೊಡೆಯುತ್ತಿಲ್ಲ, ಅದೇ ವಿಚಿತ್ರ, ಹೊಡೆದಿದ್ದರೆ ನಾನೂ ಕೂಗಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಹಸಿರು ಕ್ಯಾಬಿನ್ನು ಕಾಣುತ್ತಿದೆ, ದಾರಿಯ ಮಧ್ಯೆ ಸುಮ್ಮನೆ ನಿಂತಿದೆ. ಸುಮ್ಮನೆ ನಿಂತು ನನ್ನ ಮೇಲೆ ಹೊರೆ ಹೊರಿಸುತ್ತೀಯಾ, ಇರು. ಇಳಿದೆ, ನಡೆದರೆ ವಿಶ್ರಾಂತಿ ಕೆಡುವುದಿಲ್ಲ, ಬೈದರೂ ಕೆಡುವುದಿಲ್ಲ, ಚಕ್ರ ಉರುಳಬಾರದು ಅಷ್ಟೇ. ನೆಲದ ಕಾವು ಚಪ್ಪಲಿಯೊಳಗೆ ಏರಿತು, ಬಾಯಲ್ಲಿ ನಾಲ್ಕು ಮಾತು ಮಸೆದುಕೊಂಡು ಹೋದೆ, ಮುಂದೆ ಮೂವತ್ತು ಕಿಲೋಮೀಟರಿಗೆ ಇನ್ನೊಂದು ಯಾರ್ಡಿದೆ, ಅಲ್ಲಿ ಹೋಗಿ ಬಿದ್ದುಕೋ ಎಂದು ಹೇಳಲು. ಗಾಜು ಇಳಿಯಿತು. ಮೂವತ್ತರ ಆಸುಪಾಸು, ಗಡ್ಡದ ಮೇಲೆ ಬಿಸ್ಕತ್ತಿನ ಪುಡಿ. ಅಣ್ಣಾ, ಸಾರಿ, ಹೋಗ್ತೀನಿ ಬಿಡಿ, ಮುಂದಿನ ಯಾರ್ಡು ಎಷ್ಟು ದೂರ. ಮೂವತ್ತು ಕಿಲೋಮೀಟರು. ಆಯ್ತಣ್ಣ, ಹೋಗ್ತೀನಿ, ಕಾರ್ಡಲ್ಲಿ ಇನ್ನೂ ಎರಡು ಗಂಟೆ ಇದೆ. ಮಸೆದ ಮಾತೆಲ್ಲ ಬಾಯಲ್ಲೇ ಉಳಿಯಿತು. ಎರಡು ಗಂಟೆ ಇದ್ರೆ ಮತ್ತೆ ಯಾಕಯ್ಯಾ ನಿಂತೆ? ಲೋಡಿಂಗಲ್ಲಿ ಒಂಬತ್ತು ಗಂಟೆ ಕಾಯಿಸಿದ್ರಣ್ಣ, ಡಬ್ಬಿಗೆ ಮಲಗೋ ಗುಂಡಿ ಒತ್ತಿದ್ದೆ, ಅರ್ಧ ಗಂಟೆಗೊಂದ್ಸಲ ಎಬ್ಸಿ ಸರದಿ ಮುಂದೆ ಹೋಯ್ತು ನೋಡು ನೋಡು ಅಂತಿದ್ರು, ಕಣ್ಣು ಮುಚ್ಚಿಲ್ಲ, ಎಷ್ಟು ದೂರ ಅಂದ್ರಿ? ಮೂವತ್ತು ಅಂದೆನಲ್ಲ. ಹೂಂ ಹೂಂ, ಮೂವತ್ತು, ಹೋಗ್ತೀನಿ. ಆಗ ಅವನ ಕೈ ನೋಡಿದೆ. ಇಂಜಿನ್ ಆರಿದೆ, ಲಾರಿ ಬಂಡೆಯ ಹಾಗೆ ನಿಂತಿದೆ, ಅವನ ಎರಡೂ ಕೈ ಸ್ಟೇರಿಂಗನ್ನು ತುಸು ಎಡಕ್ಕೆ, ತುಸು ಬಲಕ್ಕೆ, ತುಸು ಎಡಕ್ಕೆ ತಿದ್ದುತ್ತಲೇ ಇವೆ. ಅವನು ಇನ್ನೂ ಓಡಿಸುತ್ತಿದ್ದಾನೆ. ನನ್ನ ಮುಖ ನೋಡುತ್ತ, ನನ್ನ ಜೊತೆ ಮಾತಾಡುತ್ತ, ಯಾವುದೋ ರಸ್ತೆಯಲ್ಲಿ ಓಡಿಸುತ್ತಿದ್ದಾನೆ. ಎಷ್ಟು ದೂರ ಅಂದ್ರಿ ಅಣ್ಣಾ?

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ, ನಿದ್ದೆ ರಸ್ತೆಯನ್ನೂ ಅರಿಯದು, ನನಗೆ ಗೊತ್ತು, ಹೆಂಡತಿಗೂ ಹೇಳಿಲ್ಲ — ಹತ್ತೊಂಬತ್ತನೆಯ ಗಂಟೆ, ನನ್ನ ಕೈಗಳೂ ಹೀಗೇ ತಿದ್ದುತ್ತಿದ್ದವು, ರಸ್ತೆ ನೇರ ಇದೆ ಎಂದೇ ಅಂದುಕೊಂಡಿದ್ದೆ, ರಸ್ತೆ ಬಿಟ್ಟು ಎಷ್ಟು ಹೊತ್ತಾಗಿತ್ತೋ, ಹಗ್ಗ ಪಟ್ಟನೆ ಹರಿದ ಸದ್ದು, ಬ್ರೇಕಿನ ಮೇಲೆ ನಿಂತೆ, ಗಾಜಿನ ಮೇಲೆ ಫಟ್ಟೆಂದು ಬಂದು ಅಂಟಿತು, ಹಳದಿ, ಪುಟ್ಟ ಫ್ರಾಕು, ಎರಡೂ ತೋಳು ಅಗಲಿಸಿಕೊಂಡು, ಹೆಗಲ ಮೇಲೆ ಎರಡು ಕ್ಲಿಪ್ಪು. ಅದರೊಳಗೆ ಮಗು ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನೀರು ಇಳಿಯುತ್ತಿತ್ತು, ನೀರೇ ಹೌದೋ ಎಂದು ನೋಡುತ್ತ ಕೂತಿದ್ದೆ, ಒಂದು ಉಸಿರಿನಷ್ಟು ಹೊತ್ತು, ಆ ಉಸಿರು ಇವತ್ತಿನವರೆಗೂ ಹೊರಗೆ ಬಂದಿಲ್ಲ. ಇಳಿದೆ, ಮುಟ್ಟಿದೆ, ಒದ್ದೆ ಬಟ್ಟೆ, ಖಾಲಿ. ಯಾರದೋ ಮನೆಯ ಅಂಗಳ, ಬಟ್ಟೆ ಒಣಗಿಸುವ ಹಗ್ಗ ಹರಿದು ಬಿದ್ದಿದೆ, ಲಾರಿಯ ಮೂತಿಗೂ ಗೋಡೆಗೂ ನಡುವೆ ಎರಡು ಗೇಣು, ಬಾಗಿಲಲ್ಲಿ ಮೂರು ವರ್ಷದ್ದೊಂದು, ಮೈಮೇಲೆ ಬಟ್ಟೆ ಇಲ್ಲ, ಆಗಷ್ಟೇ ಮಿಂದು ನಿಂತದ್ದು, ಒಂಚೂರೂ ಹೆದರದೆ ಕೈ ಚಾಚಿತು, ನಂದು ಕೊಡು. ಕೊಟ್ಟೆ. ನೀರು ಹಿಂಡಿ ಕೊಟ್ಟೆ. ಆ ದಿನದ ನನ್ನ ಹೆಸರಿನ ದುಂಡು ಕಾಗದ ತೆಗೆದು ನೋಡಿದರೆ, ಅದರ ಪ್ರಕಾರ ನಾನು ಆಗ ಮಲಗಿದ್ದೆ. ಕಾಗದ ಸುಳ್ಳು ಹೇಳಿರಲಿಲ್ಲ, ಮಲಗಿಯೇ ಇದ್ದೆ. ಮನೆಗೆ ಬಂದಾಗ ಹೆಂಡತಿ ಮಗಳಿಗೆ ಹಳದಿ ಲಂಗ ತಂದಿಟ್ಟಿದ್ದಳು, ತೆಗೆದುಕೊಂಡು ಹೋಗಿ ಬಿಸಾಡಿದೆ, ಹಳದಿ ನಿಮಗೇನು ಮಾಡ್ತು ಎಂದು ಅವಳು ಅತ್ತಳು, ನನ್ನ ಬಾಯಿಂದ ಬೈಗುಳ ಬಂತೇ ಹೊರತು ನಡೆದದ್ದು ಬರಲಿಲ್ಲ. ಇಪ್ಪತ್ತು ವರ್ಷ ನಮ್ಮ ಮನೆಗೆ ಹಳದಿ ಬಟ್ಟೆ ಬಂದಿಲ್ಲ. ಆಮೇಲೆ ಬದಲಿ ಕಾಗದವೂ ಇಲ್ಲ, ಬಾಗಿದ ಸೂಜಿಯೂ ಇಲ್ಲ, ಕಣ್ಣು ತೂಗಿದರೆ ನಿಲ್ಲಿಸಿದೆ, ಮಾಲೀಕ ಕೂಗಾಡಿದ, ಬೇರೆ ಮಾಲೀಕನ ಹತ್ತಿರ ಹೋದೆ, ಅವನೂ ಕೂಗಾಡಿದ, ನಾನು ಅವನಿಗಿಂತ ಜೋರಾಗಿ ಕೂಗಿದೆ. ಮಗಳಿಗೆ ಸ್ಟೇರಿಂಗ್ ಹಿಡಿಯುವುದಕ್ಕೂ ಮೊದಲು ನಿಲ್ಲಿಸುವುದನ್ನು ಕಲಿಸಿದೆ.

ಏಯ್, ಕೀಲಿ ಮುಟ್ಬೇಡ. ಏನಣ್ಣಾ? ಕೀಲಿ ಮುಟ್ಟಿದ್ರೆ ಕೈ ಮುರೀತೀನಿ, ಎರಡು ನಿಮಿಷ ಕೂತಿರು, ಜಾಗ ಬಿಡ್ತೀನಿ. ಸೀಟಿಗೆ ಹೇಳಿದೆ, ನೀನು ಕಿಟಕಿ ಹತ್ರ ನಿಂತು ಇವನನ್ನ ಮಾತಾಡಿಸ್ತಿರು, ನಿದ್ದೆ ಹೋದ್ರೆ ಕಿವೀಲಿ ಊದು. ಸೀಟಿ ಬಾಯಿ ಬಿಟ್ಟ, ಮತ್ತೆ ನಿಮ್ಮ ಎಂಟು ಗಂಟೆ? ನಿನ್ನ ತಲೆ! ಹತ್ತಿದೆ, ಕೂತೆ, ಕೀಲಿಯ ಮೇಲೆ ಕೈ ನಿಂತಿತು — ಐದು ಐವತ್ತು, ಡಿಪೋದ ಗೇಟು, ಟೈರಿಗೆ ಒದೆ, ಹಲ್ಲುಕಿರಿಯುವ ಗಂಡಸರು, ನಾಲ್ಕು ವರ್ಷ ಈ ದಿನಕ್ಕೇ ಅಲ್ಲವೇ ಅವಳ ಹಿಂದೆ ಬಿದ್ದು ಬೈದದ್ದು, ಗೇರು ಉಜ್ಜಿದಾಗಲೆಲ್ಲ ಅಳಿಸಿದ್ದು — ತಿರುಗಿಸಿದೆ. ಒಂದು ಮಾರು. ಒಂದು ಮಾರು ಉರುಳುವುದಕ್ಕೆ ಎಷ್ಟು ಹೊತ್ತು, ಒಂದು ಕೆಮ್ಮಿನಷ್ಟು. ಡಬ್ಬಿ ಕುಂಯ್ ಎಂದಿತು, ಸರಿಯಾಗಿ ಒಂದು ಗಂಟೆಗೆ, ವಿಶ್ರಾಂತಿ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಮುರಿಯಿತು, ಕೆಂಪು ಗೆರೆ. ಆರು ವರ್ಷದಲ್ಲಿ ಮೊದಲನೆಯದು. ಗುಂಡಿ ಒತ್ತಿ ಚೀಟಿ ತೆಗೆದೆ, ತಪ್ಪಿಗೆ ಕಾರಣವನ್ನು ಚೀಟಿಯ ಹಿಂದೆ ಕೈಯಾರೆ ಬರೆಯಬೇಕು, ಬೇರೆಯವರು ಜಾಮ್ ಎಂದು ಬರೆಯುತ್ತಾರೆ, ಹವಾಮಾನ ಎಂದು ಬರೆಯುತ್ತಾರೆ, ನಾನು ಊರಿನ ಶಾಲೆಯಲ್ಲಿ ಮೇಷ್ಟ್ರು ಬೆರಳಗಂಟಿಗೆ ಹೊಡೆದು ಕಲಿಸಿದ ದುಂಡಗಿನ ಅಕ್ಷರದಲ್ಲಿ ಬರೆದೆ, ಇನ್ನೊಬ್ಬ ಡ್ರೈವರ್ ಮಲಗಲಿ ಎಂದು ಗಾಡಿ ಒಂದು ಮಾರು ಮುಂದೆ ತೆಗೆದೆ. ಕೆಳಗೆ ಸಹಿ ಹಾಕಿದೆ. ಆಫೀಸಿನ ಹುಡುಗಿಗೆ ಈ ತಿಂಗಳು ಓದೋಕೆ ಒಂದು ಸಾಲು ಸಿಕ್ಕಿತು, ಓದಲಿ, ಜೋರಾಗಿ ಓದಲಿ, ಆರು ವರ್ಷದ ಬಿಳಿಗಿಂತ ಈ ಒಂದು ಕೆಂಪು ನನಗೆ ಹೆಚ್ಚು.

ಫೋನು. ಅಪ್ಪಾ, ಎದ್ಯಾ, ಎಷ್ಟೊತ್ತಿಗೆ ಬಿಡ್ತೀಯಾ? ಬರಲ್ಲ. ಅಂದ್ರೆ? ಚಕ್ರ ಉರುಳ್ತು. ಎಷ್ಟು ಉರುಳ್ತು? ಒಂದು ಮಾರು. ಯಾರ ಜೊತೆ ಜಗಳ ಆಡಿದೆ? ಯಾರ ಜೊತೆಯೂ ಇಲ್ವೇ, ಒಬ್ಬ ಕಣ್ಣು ಬಿಟ್ಕೊಂಡು ನಿದ್ದೆ ಹೊಡೀತಿದ್ದ, ಜಾಗ ಬಿಟ್ಟೆ. ಈಗ ಅಳುತ್ತಾಳೆ ಎಂದುಕೊಂಡೆ, ಅತ್ತರೆ ಏನು ಹೇಳುವುದು, ನನಗೆ ಬೈಯಲು ಬರುತ್ತದೆ, ಸಮಾಧಾನ ಮಾಡಲು ಬರುವುದಿಲ್ಲ. ಅವಳು ಅಳುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಹಾಗಾದ್ರೆ ಹತ್ತು ಗಂಟೆಗೆ ನಿಂದು ಮುಗಿಯುತ್ತೆ, ನಾನು ಆರಕ್ಕೆ ಬಿಟ್ರೆ ಹತ್ತೂ ಹತ್ತಕ್ಕೆ ಅಲ್ಲೇ ಇರ್ತೀನಿ, ನಾಲ್ಕೂವರೆ ಗಂಟೆ ಆಗೋದ್ರೊಳಗೆ ಎಲ್ಲಾದ್ರೂ ಮುಕ್ಕಾಲು ಗಂಟೆ ನಿಲ್ಲಿಸ್ಲೇಬೇಕಲ್ಲಪ್ಪಾ, ನಿನ್ನ ಪಕ್ಕಾನೇ ನಿಲ್ಲಿಸ್ತೀನಿ, ಜಾಗ ಹಿಡಿದಿಡು, ಗೆರೆ ಒಳಗೆ ಹಿಡಿ, ನಿನ್ನ ಹಾಗೆ ಬಾಲ ಬಿಟ್ಕೊಂಡು ನಿಲ್ಲಲ್ಲ ನಾನು. ಏಯ್, ನಾಲಿಗೆ ಉದ್ದ ಆಯ್ತು. ಟೈರು ಅಮ್ಮ ಒದೀತಾಳಂತೆ ಬಿಡು, ಆಗ್ಲೇ ಸೆರಗು ಸಿಕ್ಕಿಸ್ಕೊಂಡು ನಿಂತಿದಾಳೆ. ಇಟ್ಟುಬಿಟ್ಟಳು. ಅಪ್ಪನಿಗೆ ಹೇಳದೆ ಫೋನು ಇಡುವುದನ್ನೂ ನನ್ನಿಂದಲೇ ಕಲಿತದ್ದು.

ಪಕ್ಕದಲ್ಲಿ ಹಸಿರು ಕ್ಯಾಬಿನ್ನು ಬಂದು ನಿಂತಿದೆ, ಅವನು ಪರದೆ ಎಳೆಯುವಷ್ಟೂ ತಡೆದಿಲ್ಲ, ಕೆನ್ನೆ ಗಾಜಿಗೆ ಅಂಟಿದೆ, ಬಾಯಿ ತೆರೆದಿದೆ, ಕೈಗಳು ತೊಡೆಯ ಮೇಲೆ, ಅಂತೂ ಸುಮ್ಮನಾಗಿವೆ. ಸೀಟಿ ತನ್ನ ಸೀಟಿಯನ್ನು ಜೇಬಿಗೆ ಹಾಕಿಕೊಂಡು ತುದಿಗಾಲಲ್ಲಿ ಹೋಗುತ್ತಿದ್ದಾನೆ, ಇವನಿಗೆ ತುದಿಗಾಲು ಇರುವುದು ಇವತ್ತು ಗೊತ್ತಾಯಿತು. ಫೋನು ಮತ್ತೆ ಕಿಣಿ ಎಂದಿತು, ಮಗಳ ಫೋಟೋ, ಡಿಪೋದಲ್ಲಿ ಇವತ್ತು ಕೊಟ್ಟದ್ದಂತೆ, ಎಲ್ಲ ಡ್ರೈವರಿಗೂ ಹೊಸ ಕೋಟು, ಲಾರಿಯ ಮೂತಿಯ ಮುಂದೆ ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಎರಡೂ ತೋಳು ಅಗಲಿಸಿಕೊಂಡು, ಹೇಗಿದೆ ಅಪ್ಪಾ ಎನ್ನುವ ಹಾಗೆ, ಹಳದಿ. ನಿನ್ನೆಯವರೆಗೆ ನೀಲಿ ಇತ್ತು, ಇವತ್ತು ಹಳದಿ, ಗಾಜು, ಅದರ ಮೇಲೆ ಹಳದಿ, ಅಗಲಿಸಿದ ಎರಡು ತೋಳು — ಉಸಿರು ನಿಂತಿತು, ಬೆರಳಿಂದ ಚಿತ್ರ ಹಿಗ್ಗಿಸಿದೆ, ಕೋಟಿನ ತೋಳು ಉದ್ದವಾಗಿದೆ ಅವಳಿಗೆ, ಒಂದು ಮಡಿಕೆ ಮಡಿಸಿದ್ದಾಳೆ, ಇನ್ನೂ ಹಿಗ್ಗಿಸಿದೆ, ಮಡಿಕೆಯ ತುದಿಯಲ್ಲಿ ಬೆರಳುಗಳು, ಎಣಿಸಿದೆ, ಐದು, ಆ ಕಡೆ ಐದು, ಹೆಬ್ಬೆರಳಿನ ಉಗುರಲ್ಲಿ ಗ್ರೀಸಿನ ಕಪ್ಪು. ಹಳದಿ ತೋಳು. ಅದರೊಳಗೆ ಕೈ. ಹಳದಿ ತೋಳು, ಅದರೊಳಗೆ ಕೈ, ಖಾಲಿಯಲ್ಲ.